ಡೆಂಗಿ: ಮೊದಲು ಲಸಿಕೆಯೋ, ಔಷಧಿಯೋ?

ಕಾಡುಮಲ್ಲಿಗೆ: ಡೆಂಗಿ ವೈರಸ್ಸಿಗೇ ಅಂತ ಒಂದು ಮಾತ್ರೆ ಇವತ್ತಿಗೂ ಇಲ್ಲ. ಐದನೇ ದಿನ ನನ್ನ ಮಗಳ ಜ್ವರ ಇಳಿಯಿತು. ಸದ್ಯ ಗೆದ್ದೆವು ಅಂದುಕೊಂಡೆ. ಅವತ್ತೇ ಸಂಜೆ ಅವಳ ಕೈಕಾಲು ತಣ್ಣಗಾದವು, ಹೊಟ್ಟೆನೋವು ಅಂತ ಮುದುಡಿಕೊಂಡಳು. ಡಾಕ್ಟರ ಕೈಯಲ್ಲಿದ್ದದ್ದು ಡ್ರಿಪ್ ಒಂದೇ. ಮೊದಲು ಔಷಧಿ ಹುಡುಕಲಿ. ಡೆಂಗ್ವಾಕ್ಸಿಯಾ ಲಸಿಕೆ ಫೇಲ್ ಆಗಿದ್ದು ಸಾಲದಾ?

ಸೂಕ್ಷ್ಮದರ್ಶಿ: "ಫೇಲ್" ಅಂತ ಸುಮ್ನೆ ಹೇಳಬೇಡಿ. ಒಮ್ಮೆ ಡೆಂಗಿ ಬಂದುಹೋದವರಿಗೆ ಅದು ರಕ್ಷಣೆ ಕೊಟ್ಟಿದೆ. ಬರದವರಿಗೆ ಮಾತ್ರ ತೊಂದರೆ: ಅವರಿಗೆ ಲಸಿಕೆಯೇ ಮೊದಲ ಸೋಂಕಿನಂತೆ ಆಗಿ, ಮುಂದೆ ಬರುವ ಡೆಂಗಿ ಜೋರಾಗಬಹುದು. ವೈರಸ್ಸಿನಲ್ಲಿ 4 ಬಗೆ ಇವೆ. ಒಂದರ ವಿರುದ್ಧ ಹುಟ್ಟಿದ ಅರೆಬರೆ ಪ್ರತಿಕಾಯ (ಆಂಟಿಬಾಡಿ) ಇನ್ನೊಂದಕ್ಕೆ ಅಂಟಿಕೊಂಡು, ಅದನ್ನು ಜೀವಕೋಶದ ಒಳಗೇ ಬಿಟ್ಟುಬಿಡಬಹುದು.

ನೇರಮಾತು: "ಮಾತ್ರ ತೊಂದರೆ"ನಾ? ಫಿಲಿಪ್ಪೀನ್ಸ್‌ನಲ್ಲಿ 2016ರಿಂದ 8 ಲಕ್ಷಕ್ಕೂ ಜಾಸ್ತಿ ಮಕ್ಕಳಿಗೆ ಕೊಟ್ಟರು. ಹಿಂದೆ ಡೆಂಗಿ ಬಂದಿತ್ತಾ ಅಂತ ರಕ್ತ ಪರೀಕ್ಷೆ ಮಾಡಲಿಲ್ಲ. 2017ರ ನವೆಂಬರಿನಲ್ಲಿ ಅದನ್ನು ತಯಾರಿಸಿದ ಸನೋಫಿ ಕಂಪನಿಯೇ ಅಪಾಯ ಒಪ್ಪಿಕೊಂಡಿತು.

ಸೂಕ್ಷ್ಮದರ್ಶಿ: ಪರೀಕ್ಷೆ ಮಾಡದೇ ಇದ್ದದ್ದು ಲಸಿಕೆಯ ತಪ್ಪಲ್ಲ. ಕೊಟ್ಟ ರೀತಿ ತಪ್ಪು.

ನೇರಮಾತು: ಮಗು ಮಲಗಿರುವಾಗ ತಾಯಿಯ ಮುಂದೆ ನಿಂತು ಈ ವ್ಯತ್ಯಾಸ ಹೇಳಿ ನೋಡೋಣ! ಡೆಂಗಿ ಸಂಶೋಧಕ ಸ್ಕಾಟ್ ಹಾಲ್‌ಸ್ಟೆಡ್ ಈ ಅಪಾಯದ ಬಗ್ಗೆ 2016ರಲ್ಲೇ ಎಚ್ಚರಿಸಿದ್ದರು.

ಹಳೇ ಓದುಗ: ಹಳದಿ ಜ್ವರವೂ ಸೊಳ್ಳೆಯಿಂದಲೇ ಬರೋದು. ಅದಕ್ಕೆ 1930ರ ದಶಕದಲ್ಲೇ ಒಳ್ಳೆ ಲಸಿಕೆ ಬಂತು. ಇದಕ್ಕೆ ಯಾಕಾಗಲ್ಲ?

ಸೂಕ್ಷ್ಮದರ್ಶಿ: ಅಲ್ಲಿ ಒಂದು ವೈರಸ್ ಸೋಲಿಸಿದರೆ ಸಾಕು. ಇಲ್ಲಿ ನಾಲ್ಕನ್ನೂ ಒಟ್ಟಿಗೆ ಸೋಲಿಸಬೇಕು. ಕ್ಯೂಡೆಂಗಾ ಅನ್ನೋ ಇನ್ನೊಂದು ಡೆಂಗಿ ಲಸಿಕೆಗೆ 2024ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮನ್ನಣೆಯೂ ಸಿಕ್ಕಿದೆ.

ನೇರಮಾತು: "ನಾಲ್ಕನ್ನೂ" ಅಂತ ನೀವೇ ಹೇಳಿದಿರಿ. ಮೊದಲು ಡೆಂಗಿ ಬರದವರಲ್ಲಿ ಕ್ಯೂಡೆಂಗಾ ಮೂರನೇ ಬಗೆಯನ್ನು ತಡೆದದ್ದು ಪ್ರಯೋಗದಲ್ಲಿ ಕಂಡಿಲ್ಲ. ಅದನ್ನು ಯಾಕೆ ಬಿಟ್ಟಿರಿ?

ಸೂಕ್ಷ್ಮದರ್ಶಿ: ನೀವು ಬಿಟ್ಟದ್ದು ಹೇಳಲಾ? ಆ ಗಲಾಟೆ ಆದ ಮೇಲೆ ಫಿಲಿಪ್ಪೀನ್ಸ್‌ನಲ್ಲಿ ಎಲ್ಲ ಲಸಿಕೆಗಳ ಮೇಲೂ ಜನರ ನಂಬಿಕೆ ಕುಸಿಯಿತು. 2019ರಲ್ಲಿ ದಡಾರ ಹರಡಿತು. ಆ ಮಕ್ಕಳು ಲೆಕ್ಕಕ್ಕಿಲ್ವಾ?

ನೇರಮಾತು: ನಂಬಿಕೆ ಕೆಡಿಸಿದ್ದು ನಾನಾ? ಅವಸರ ಮಾಡಿದವರು!

ಕಾಡುಮಲ್ಲಿಗೆ: ನಾನು ಕೇಳಿದ್ದು ಔಷಧಿ ಬಗ್ಗೆ.

ಹಳೇ ಓದುಗ: ಮಾಸ್ನೋಡೆನ್ವಿರ್ ಇತ್ತು. ವೈರಸ್ಸಿನ ಎರಡು ಪ್ರೋಟೀನ್ ಜೋಡಿಯಾಗದಂತೆ ತಡೆಯುವ ಮಾತ್ರೆ. 2024ರ ಅಕ್ಟೋಬರಿನಲ್ಲಿ ಜಾನ್ಸನ್ ಅಂಡ್ ಜಾನ್ಸನ್ ಅದರ ಪ್ರಯೋಗ ನಿಲ್ಲಿಸಿತು. ಆದ್ಯತೆ ಬದಲಾಯಿತಂತೆ.

ಸೂಕ್ಷ್ಮದರ್ಶಿ: ಇದ್ದರೂ ಆ ಸಂಜೆಗೆ ತಡವಾಗುತ್ತಿತ್ತು. ಜ್ವರ ಇಳಿಯುವಾಗ ರಕ್ತದಲ್ಲಿ ವೈರಸ್ ಆಗಲೇ ಕಡಿಮೆಯಾಗಿರುತ್ತದೆ. ಆಗ ಜೀವ ತೆಗೆಯೋದು ರಕ್ತನಾಳಗಳ ಸೋರಿಕೆ. ಅದಕ್ಕೇ ಡ್ರಿಪ್.

ಕಾಡುಮಲ್ಲಿಗೆ: "ತಡ" ಯಾಕಾಗಬೇಕು? ರಕ್ತದಲ್ಲಿ ವೈರಸ್ಸಿನ ಪ್ರೋಟೀನ್ ಹುಡುಕುವ ಎನ್‌ಎಸ್1 ಪರೀಕ್ಷೆ, ಡೆಂಗಿ ಅಂತ ಜ್ವರದ ಮೊದಲ ದಿನಗಳಲ್ಲೇ ಹೇಳುತ್ತದೆ. ನನ್ನ ಮಗಳದು ಎರಡನೇ ದಿನವೇ ಪಾಸಿಟಿವ್ ಬಂದಿತ್ತು. ಮೂರು ದಿನ ನಾನು ಒದ್ದೆ ಬಟ್ಟೆ ಹಿಡಿದು ಪಕ್ಕದಲ್ಲಿ ಕೂತಿದ್ದೆ. ಕೊಡೋಕೆ ಪ್ಯಾರಸಿಟಮಾಲ್ ಬಿಟ್ಟು ಏನೂ ಇರಲಿಲ್ಲ.

ನೇರಮಾತು: "ಕೊಟ್ಟ ರೀತಿ ತಪ್ಪು" ಅಂದವರು ನನಗಿನ್ನೂ ಉತ್ತರ ಕೊಟ್ಟಿಲ್ಲ. 2016ರಲ್ಲೇ ಎಚ್ಚರಿಸಿದ್ದರಲ್ಲ, ಯಾಕೆ ಕೇಳಲಿಲ್ಲ?