ಪದಚರ್ಚೆ: ಕಟ್ಟಿದ ಸುಂಕ ತಿರುಗಿ ಬಂದರೆ ಅದು ‘ಮರುಪಾವತಿ’ಯೇ?

ಎಲ್ಲರಿಗೂ ನಮಸ್ಕಾರ.

ಒಂದು ಪದದ ತಕರಾರಿಗೆ ಪಂಚಾಯಿತಿ ಬೇಕಾಗಿದೆ. ಚನ್ನಪಟ್ಟಣದಲ್ಲಿ ನಮ್ಮ ಸೋದರಮಾವ ಮರದ ಆಟಿಕೆ ಮಾಡಿಸಿ ಅಮೆರಿಕದ ಅಂಗಡಿಯವರೊಬ್ಬರಿಗೆ ಕಳಿಸುತ್ತಾರೆ. ಅಲ್ಲಿನ ಕೋರ್ಟು ಸುಂಕ ತಪ್ಪು ಅಂದ ಮೇಲೆ, ಕಟ್ಟಿದ ದುಡ್ಡು ತಿರುಗಿ ಬರುತ್ತದೆಯೇ ಅನ್ನುವ ಗಲಾಟೆಯನ್ನು ತಮಗೂ ಜೊತೆಯ ನಾಲ್ಕಾರು ಜನಕ್ಕೂ ತಿಳಿಯುವ ಹಾಗೆ ಕನ್ನಡದಲ್ಲಿ ಒಂದು ಪುಟ ಬರೆದುಕೊಡು ಅಂದರು. ನಾನು ‘ಹೆಚ್ಚುವರಿ ಸುಂಕ ಮರುಪಾವತಿಯ ಅಂದಾಜು’ ಅಂತ ತಲೆಬರಹ ಹಾಕಿದೆ. ಓದಿದ ಕೂಡಲೇ ಮಾವನ ಫೋನು: “ಏನಪ್ಪಾ, ಕಟ್ಟಿದ್ದನ್ನೇ ಮತ್ತೆ ಕಟ್ಟಬೇಕಾ?”

ಅವರ ತಪ್ಪೇನೂ ಇಲ್ಲ. ಮರುಪರೀಕ್ಷೆ ಅಂದರೆ ಇನ್ನೊಂದು ಸಲ ಪರೀಕ್ಷೆ. ಮರುಎಣಿಕೆ, ಮರುಮುದ್ರಣ ಎಲ್ಲವೂ ಹಾಗೇ. ಹಾಗಾದರೆ ಮರುಪಾವತಿ ಅಂದರೆ ಇನ್ನೊಂದು ಸಲ ಪಾವತಿ ಅಲ್ವಾ? ಬ್ಯಾಂಕಿನವರು ‘ಸಾಲ ಮರುಪಾವತಿ’ ಅಂದಾಗ ದುಡ್ಡು ನಮ್ಮ ಕೈಯಿಂದ ಹೋಗುತ್ತದೆ. ‘ಆದಾಯ ತೆರಿಗೆ ಮರುಪಾವತಿ’ ಅಂದಾಗ ನಮ್ಮ ಕೈಗೆ ಬರುತ್ತದೆ. ಪದ ಒಂದೇ, ದುಡ್ಡಿನ ದಾರಿ ಮಾತ್ರ ಉಲ್ಟಾ. ನಿಂತೇ ಹೋಗಬಹುದಾದ ಸಣ್ಣ ವ್ಯಾಪಾರದವರಿಗೆ ಇದು ಸುಮ್ನೆ ವ್ಯಾಕರಣದ ವಿಷಯವಲ್ಲ.

ಸರಿ, ‘ವಾಪಸಾತಿ’ ಅನ್ನೋಣ ಅಂದುಕೊಂಡೆ. ಅದಕ್ಕೂ ಒಂದು ತೊಡಕು. ನಾಮಪತ್ರ ವಾಪಸಾತಿ ಅಂದರೆ ಹಿಂದಕ್ಕೆ ತೆಗೆದುಕೊಳ್ಳುವುದು. ‘ಸುಂಕ ವಾಪಸಾತಿ’ ಅಂದರೆ ಸರ್ಕಾರ ಸುಂಕವನ್ನೇ ತೆಗೆದುಹಾಕಿತು ಎಂದು ಓದಿಕೊಳ್ಳಬಹುದು. ಸುಂಕ ರದ್ದಾಗುವುದು ಬೇರೆ, ಈಗಾಗಲೇ ಕಟ್ಟಿದ ದುಡ್ಡು ಕೈಗೆ ಬರುವುದು ಬೇರೆ. ಫೆಬ್ರವರಿ 20, 2026ರ ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪಿನಲ್ಲಿ ಈ ವ್ಯತ್ಯಾಸವೇ ಮುಖ್ಯ. 1977ರ ತುರ್ತು ಆರ್ಥಿಕ ಅಧಿಕಾರಗಳ ಕಾಯ್ದೆಯಡಿ ಅಧ್ಯಕ್ಷರು ಸುಂಕ ಹಾಕುವಂತಿಲ್ಲ ಅಂತ 6-3ರಲ್ಲಿ ತೀರ್ಪಾಯಿತು. ಕಟ್ಟಿದ ದುಡ್ಡನ್ನು ಹೇಗೆ ತಿರುಗಿಸಬೇಕು ಅನ್ನುವುದನ್ನು ಆ ತೀರ್ಪು ಹೇಳಲಿಲ್ಲ.

ಎರಡನೇ ತೊಡಕು ನನ್ನ ತಲೆಬರಹದ ಮೊದಲ ಪದದ್ದು. ‘ಹೆಚ್ಚುವರಿ ಸುಂಕ’ ಅಂದರೆ ಇರುವ ಸುಂಕದ ಮೇಲೆ ಹಾಕಿದ ಇನ್ನೊಂದು ಸುಂಕ. ಕಟ್ಟಬೇಕಾದ್ದಕ್ಕಿಂತ ಜಾಸ್ತಿ ಕಟ್ಟಿದ್ದಕ್ಕೆ ಅದೇ ಪದ ಬಳಸಿದರೆ ಲೆಕ್ಕವೇ ಕೆಡುತ್ತದೆ. ಮಾವನ ಸರಕನ್ನೇ ನೋಡಿ. ಆಟಿಕೆಗೆ ಅಮೆರಿಕದಲ್ಲಿ ಮಾಮೂಲಿ ಆಮದು ಸುಂಕ ಸೊನ್ನೆ. ಆ ತುರ್ತು ಕಾಯ್ದೆಯಡಿ ಭಾರತದ ಸರಕಿನ ಮೇಲೆ 2025ರ ಏಪ್ರಿಲ್ 5ರಿಂದ ಶೇ 10 ಬಿತ್ತು. ಆಗಸ್ಟ್ 7ರಿಂದ ಶೇ 25. ಆಗಸ್ಟ್ 27ರಿಂದ ಇನ್ನೂ 25 ಸೇರಿ ಶೇ 50. 10,000 ಡಾಲರ್ ಆಟಿಕೆಗೆ ಕ್ರಮವಾಗಿ 1,000, 2,500, 5,000 ಡಾಲರ್. ಇಲ್ಲಿ ಕಟ್ಟಿದ್ದೆಲ್ಲವೂ ಜಾಸ್ತಿ ಕಟ್ಟಿದ್ದೇ. ಉಕ್ಕಿನ ಸಾಮಾನಿನ ಕಥೆ ಹಾಗಲ್ಲ. ಅದರ ಮೇಲಿನ ಸುಂಕ ಬೇರೆ ಕಾಯ್ದೆಯದು, ಈ ತೀರ್ಪು ಅದನ್ನು ಮುಟ್ಟಿಲ್ಲ. ಅಲ್ಲಿ ಸುಂಕ ‘ಹೆಚ್ಚುವರಿ’ ಹೌದು, ‘ಜಾಸ್ತಿ ಕಟ್ಟಿದ್ದು’ ಅಲ್ಲ. ಇನ್ನು, ಸರಕು ಹಡಗು ಹತ್ತಿದ ದಿನ ಯಾವುದು ಅನ್ನುವುದರ ಮೇಲೂ ದರ ಬದಲಾಗುತ್ತದೆ. ಹಾಗಾಗಿ ‘ಅಂದಾಜು’ ಪದದ ಬಗ್ಗೆ ನನಗೆ ತಕರಾರಿಲ್ಲ.

(ಕಸ್ಟಮ್ಸ್‌ನವರು ಕಾಗದಪತ್ರದ ಕೆಲಸಕ್ಕೆ ಬೇರೆ ಶುಲ್ಕ ತೆಗೆದುಕೊಳ್ಳುತ್ತಾರೆ. ಅದು ಈ ಲೆಕ್ಕದಲ್ಲಿಲ್ಲ. ತಮಾಷೆ ಅಂದರೆ, ನಮ್ಮ ‘ಸುಂಕ’ ಬಂದಿದ್ದು ‘ಶುಲ್ಕ’ದಿಂದಲೇ, ಪ್ರಾಕೃತದ ದಾರಿ ಹಿಡಿದು. ಹಳೆಯ ಶಾಸನಗಳಲ್ಲಿ ‘ಪೆರ್ಜುಂಕ’ ಅಂತ ದೊಡ್ಡ ಸುಂಕವೂ ಇದೆ. ಈಗ ಅಣ್ಣ ತಮ್ಮ ಬೇರೆ ಬೇರೆ ಮನೆ ಮಾಡಿದ್ದಾರೆ.)

ನಿಜವಾಗಿ ತಲೆ ಕೆಡಿಸಿದ್ದು ಮೂರನೆಯದು: ಲಿಕ್ವಿಡೇಷನ್. ನಿಘಂಟು ನೋಡಿ ‘ಸಮಾಪನೆ’ ಅಂತ ಬರೆದಿದ್ದೆ. “ಅಯ್ಯೋ, ಅವರ ಅಂಗಡಿ ಮುಚ್ಚಿಹೋಯ್ತಾ?” ಅಂದರು ಮಾವ. ಕಂಪನಿ ಮುಚ್ಚುವಾಗ ಆ ಪದ ಸರಿ. ಅಮೆರಿಕದ ಕಸ್ಟಮ್ಸ್‌ನಲ್ಲಿ ಅದರ ಅರ್ಥವೇ ಬೇರೆ. ಸರಕು ಒಳಗೆ ಬಂದಾಗ ಕಟ್ಟುವುದು ಸದ್ಯದ ಲೆಕ್ಕದ ದುಡ್ಡು. ಸಾಮಾನ್ಯವಾಗಿ 314 ದಿನಗಳ ಹೊತ್ತಿಗೆ ಕಸ್ಟಮ್ಸ್‌ನವರು ಆ ಲೆಕ್ಕವನ್ನು ಕೊನೆಗೊಳಿಸುತ್ತಾರೆ. ಅದೇ ಲಿಕ್ವಿಡೇಷನ್. ಆಮೇಲೆ ತಕರಾರು ಅರ್ಜಿ ಹಾಕಲು 180 ದಿನ ಇರುತ್ತದೆ. ಆ ಅರ್ಜಿಗೆ ಇಂಗ್ಲಿಷಿನಲ್ಲಿ ಪ್ರೊಟೆಸ್ಟ್ ಅನ್ನುತ್ತಾರೆ. ದಯವಿಟ್ಟು ಯಾರೂ ‘ಪ್ರತಿಭಟನೆ’ ಅನ್ನಬೇಡಿ, ಮಾವ ಬಾವುಟ ಹಿಡಿದು ಹೊರಟಾರು. ಲಿಕ್ವಿಡೇಷನ್‌ಗೆ ‘ಲೆಕ್ಕ ಚುಕ್ತಾ’ ಹೇಗೆ? ಅಂಗಡಿ ಪುಸ್ತಕದ ಮಾತು, ಯಾರಿಗೂ ವಿವರಿಸಬೇಕಿಲ್ಲ. ನನಗಂತೂ ಇದಕ್ಕಿಂತ ಒಳ್ಳೆಯದು ಸಿಕ್ಕಿಲ್ಲ.

ಮಾವನ ಸಂಕಟಕ್ಕೆ ಮಾತ್ರ ಯಾವ ಪದವೂ ಆಗುವುದಿಲ್ಲ. ಸುಂಕ ಕಟ್ಟಿದ್ದು ಆಮದು ಮಾಡಿಕೊಂಡವರು, ದುಡ್ಡು ಬಂದರೂ ಅವರ ಹೆಸರಿಗೇ. ಆದರೆ ಸುಂಕದ ಭಾರ ಹಂಚಿಕೊಳ್ಳೋಣ ಅಂತ ಹೇಳಿ ಕೊಂಡವರು ಮಾವನಿಂದ ರೇಟು ಇಳಿಸಿಕೊಂಡಿದ್ದರು. “ಅದರಲ್ಲಿ ನಂದೂ ಇದೆಯಲ್ಲ” ಅನ್ನುತ್ತಾರೆ ಮಾವ. ಕಸ್ಟಮ್ಸ್‌ಗೆ ಬರೆಯೋಣವೇ ಅಂತ ಕೇಳಿದ್ದಕ್ಕೆ ಅವರೇ “ಸುಂಕದವನ ಮುಂದೆ ಸುಖದುಃಖ ಯಾಕೆ” ಅಂದು ನಕ್ಕರು. ಅದು ಅವರೂ ಅಂಗಡಿಯವರೂ ಮಾತಾಡಿಕೊಳ್ಳಬೇಕಾದ ವಿಷಯ.

ಸದ್ಯಕ್ಕೆ ತಲೆಬರಹವನ್ನು ‘ಜಾಸ್ತಿ ಕಟ್ಟಿದ ಸುಂಕದ ಹಣ ವಾಪಸ್ಸು: ಎಷ್ಟು ಬರಬಹುದು?’ ಅಂತ ತಿದ್ದಿದ್ದೇನೆ. ಮಾವ ಈ ಸಲ ಫೋನ್ ಮಾಡಲಿಲ್ಲ. ಆದರೆ ಪಟ್ಟಿಯ ಕಾಲಂಗೆ ಇಷ್ಟುದ್ದದ್ದು ಹಿಡಿಸೋದಿಲ್ಲ, ಒಂದೇ ಪದ ಬೇಕು. ಧಾರವಾಡದ ಗೆಳೆಯರು ‘ರೊಕ್ಕ ಹೊಳ್ಳಿ ಬಂತು’ ಅಂತಾರೆ, ಅದರಲ್ಲಿ ದಾರಿ ಸ್ಪಷ್ಟವಾಗಿದೆ. ಅದರಿಂದ ಒಂದು ನಾಮಪದ ಹುಟ್ಟಿಸಬಹುದೇ? ಮಂಗಳೂರು, ಕಾರವಾರದ ಕಡೆ ಬಂದರಿನ ವ್ಯವಹಾರ ಬಲ್ಲವರು ಇದ್ದರೆ, ಅಲ್ಲಿ ಬಾಯಿಮಾತಿನಲ್ಲಿ ಏನು ಹೇಳುತ್ತಾರೆ ಅಂತ ತಿಳಿಸಿ. ‘ರೀಫಂಡ್’ ಅಂತಲೇ ಬಿಡಿ ಅನ್ನುವವರೂ ಬರೆಯಿರಿ. ಆ ವಾದಕ್ಕೂ ನಾನು ಅರ್ಧ ಒಪ್ಪಿಕೊಂಡು ಕೂತಿದ್ದೇನೆ.