ಸಾಂಬ್ರಾದಾಗ ಸಾವಕಾಶ ವಿಮಾನ ಕಲಿಯೋದು: ವಾರಕ್ಕ ಎರಡು ದಿನ ಸಾಕೇನ್ರಿ?

ಗೋಕಾಕ್ ಕರದಂಟು ಕೇಳಿದ್ದು:

ನಮಸ್ಕಾರ್ರೀ ಎಲ್ಲಾರಿಗೂ. ಗೋಕಾಕದಾಗ ಅಂಗಡಿ ಐತಿ, ವಯಸ್ಸು 43. ಪೈಲಟ್ ನೌಕರಿ ಮಾಡೋ ಆಸೆ ಇಲ್ಲ, ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣದಾಗ ಸಣ್ಣ ವಿಮಾನ ಹಾರಿಸೋದು ಕಲತು ಖಾಸಗಿ ಪೈಲಟ್ ಲೈಸೆನ್ಸ್ ತಗೋಬೇಕು, ಅಷ್ಟ. ಬಿಡುವು ಅಂದ್ರ ಮಂಗಳವಾರ, ರವಿವಾರ ಎರಡ ಮುಂಜಾನಿ. ಅವಸರ ಏನೂ ಇಲ್ಲ. ಹಿಂಗ ಬಿಟ್ಟು ಬಿಟ್ಟು ಕಲತ್ರ ನಡೀತೈತೇನು? ಮೊದಲ ಏನು ಮಾಡಬೇಕು? ಮಳಿಗಾಲದಾಗ ಏನು ಗತಿ? ಮನ್ಯಾಗ ಕಂಪ್ಯೂಟರ್ ಸಿಮ್ಯುಲೇಟರ್ ಐತಿ, ಅದು ಉಪಯೋಗ ಆಕ್ಕೈತೇನು?

---

ಸಾಂಬ್ರಾ ಸರ್ಕ್ಯೂಟ್ ಉತ್ತರ:

ನಡೀತೈತ್ರಿ. ಆದ್ರ "ಅವಸರ ಇಲ್ಲ" ಅನ್ನೋದು ಬ್ಯಾರೆ, "ಯಾವಾಗರೆ ಹೋದ್ರಾತು" ಅನ್ನೋದು ಬ್ಯಾರೆ. ಎರಡು ಪಾಠದ ನಡುವ ಹದಿನೈದು ದಿನ ಬಿದ್ರ, ಮುಂದಿನ ಪಾಠದ ಮೊದಲ ಅರ್ಧ ತಾಸು ಹಳೇದು ನೆನಪು ಮಾಡ್ಕೊಳ್ಳೋದ್ರಾಗ ಹೋಕ್ಕೈತಿ. ಆ ಅರ್ಧ ತಾಸಿಗೂ ಪೂರ್ತಿ ದರಾನ ಕೊಡಬೇಕು.

ಲೆಕ್ಕ ಹಿಂಗ ಹಾಕ್ರಿ. ಲೈಸೆನ್ಸಿಗೆ ಕನಿಷ್ಠ 40 ತಾಸು ಹಾರಾಟ ಬೇಕು. ಬೆಳಗಾವಿಯೊಳಗ ಹೊಸಬರಿಗೆ ಒಳ್ಳೆ ಹವಾ ಅಂದ್ರ ಅಕ್ಟೋಬರದಿಂದ ಫೆಬ್ರುವರಿತನಕ, ಸುಮಾರು 21 ವಾರ. ವಾರಕ್ಕ ಎರಡು ಪಾಠ, ಪಾಠಕ್ಕ 45 ನಿಮಿಷ ಹಿಡದ್ರ 31 ತಾಸು. ಮಂಜು, ವಿಮಾನ ರಿಪೇರಿ, ಶಿಕ್ಷಕರ ರಜಾ ಅಂತ ನಾಲ್ಕರಾಗ ಒಂದು ಪಾಠ ರದ್ದಾಗೇ ಆಗತೈತಿ. ಉಳಿಯೋದು 24 ತಾಸು. ಅಂದ್ರ ನಿಮಗ ಎರಡು ಚಳಿಗಾಲ ಬೇಕು. ವಾರಕ್ಕ ಒಂದ ಪಾಠ ಅಂದ್ರ ಒಂದು ಚಳಿಗಾಲಕ್ಕ 12 ತಾಸು. ಅಷ್ಟರಾಗ ಒಬ್ಬರ ಹಾರೋ ಹಂತಾನ ಮುಟ್ಟೋದು ಕಷ್ಟ, ಮಳಿಗಾಲ ಮುಗಿದ ಮ್ಯಾಲ ಮತ್ತ ಮೊದಲಿಂದ ಶುರು ಮಾಡ್ಬೇಕಾಕ್ಕೈತಿ. 40 ಅನ್ನೋದು ಕನಿಷ್ಠ ಅನ್ನೋದೂ ನೆನಪಿರಲಿ. ಬಿಟ್ಟು ಬಿಟ್ಟು ಕಲಿಯೋರು 55-60 ತಾಸಿಗೆ ರೊಕ್ಕ ತೆಗೆದಿಟ್ಕೊಂಡ್ರ ಚಲೋ.

ಮೊದಲ ಮೆಡಿಕಲ್. ಶುಲ್ಕ ಕಟ್ಟೋಕಿಂತ ಮೊದಲ, ಡಿಜಿಸಿಎ (ಕೇಂದ್ರದ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ) ಮಾನ್ಯತೆ ಇರೋ ವೈದ್ಯರ ಹತ್ರ ಕ್ಲಾಸ್ 2 ತಪಾಸಣೆ ಮಾಡಿಸ್ರಿ. ಚಾಳೀಸು ಅಡ್ಡಿ ಅಲ್ಲ. ಬಿಪಿ, ಶುಗರ್, ಇಸಿಜಿ, ಕೆಂಪು-ಹಸಿರು ಬಣ್ಣದ ವ್ಯತ್ಯಾಸ ಗುರುತಿಸೋದು, ಇಲ್ಲೇ ಜನ ಸಿಕ್ಕಿ ಬೀಳ್ತಾರ. ಆಮ್ಯಾಲ ವಿದ್ಯಾರ್ಥಿ ಪೈಲಟ್ ಲೈಸೆನ್ಸ್. ಅದಿಲ್ಲದ ಒಬ್ಬರ ಹಾರಂಗಿಲ್ಲ.

ಮಳಿಗಾಲ ಓದಾಕ ಇಡ್ರಿ. ನಿಯಮ, ನ್ಯಾವಿಗೇಶನ್, ಹವಾಮಾನ, ವಿಮಾನ ಮತ್ತ ಎಂಜಿನ್, ಜೊತಿಗೆ ರೇಡಿಯೋ. ಡಿಜಿಸಿಎ ಪರೀಕ್ಷೆಯೊಳಗ 70 ಪರ್ಸೆಂಟ್ ಬೇಕು. ಜೂನ್-ಸೆಪ್ಟೆಂಬರದಾಗ ಘಟ್ಟದ ಕಡೆಯಿಂದ ಮೋಡ ಕೆಳಗ ಇಳದು ಬರ್ತಾವ. ಕಣ್ಣಿಂದ ನೋಡ್ಕೊಂಡು ಹಾರೋರಿಗೆ ಮೋಡದ ತಳ ಕನಿಷ್ಠ 1500 ಅಡಿ, ಗೋಚರತೆ 5 ಕಿಲೋಮೀಟರ್ ಬೇಕು. ಆಗ ಹೋಗಿ ಕುಂತ್ರ ಚಾ ಕುಡದು ತಿರುಗಿ ಬರೋದ.

ರೊಕ್ಕದ ಮಾತು. ಪೂರ್ತಿ ಮುಂಗಡ ಕೊಡಬ್ಯಾಡ್ರಿ, ಹತ್ತು-ಹತ್ತು ತಾಸಿನ ಕಂತು ಕೇಳ್ರಿ. ನಡುವ ಬಿಟ್ರ ಎಷ್ಟು ವಾಪಸ್ ಅನ್ನೋದು ಕಾಗದದ ಮ್ಯಾಲ ಇರಲಿ. ವಿಮಾನ ನಿಲ್ದಾಣ ಪ್ರಾಧಿಕಾರ 2021ರಾಗ ತರಬೇತಿ ಸಂಸ್ಥೆಗಳಿಗೆ ಜಾಗ ಹಂಚಿದ ಐದು ಊರಿನಾಗ ಬೆಳಗಾವಿ, ಕಲಬುರಗಿ ಎರಡೂ ಅದಾವ, ಆದ್ರ ಇಂಥ ಕಡೆ ಬಹುತೇಕ ನೌಕರಿಗೆ ಕಲಿಯೋ ಹುಡುಗರು. ಅವರಿಗೆ 200 ತಾಸು ಬೇಕು, ಮುಂಜಾನೆ ಸ್ಲಾಟ್ ಅವರಿಗೇ ಮೊದಲ. "ನನ್ನ ಎರಡು ಮುಂಜಾನಿ ಸ್ಲಾಟ್ ಕಾಯಂ ಇರತೈತೇನು? ಇವತ್ತು ಹಾರೋ ಸ್ಥಿತಿಯೊಳಗ ಎಷ್ಟು ವಿಮಾನ ಅದಾವ?" ಈ ಎರಡು ಕೇಳ್ರಿ. ಹ್ಯಾಂಗರಿನಾಗ ನಿಂತ ವಿಮಾನ ಎಣಿಸಬ್ಯಾಡ್ರಿ.

ತಾಸು ಎಲ್ಲಿಂದ ಎಣಿಸ್ತಾರ ಅನ್ನೋದೂ ಕೇಳ್ರಿ. ಎಂಜಿನ್ ಶುರುವಾದಾಗಿಂದ ಅಂದ್ರ, ಪ್ರಯಾಣಿಕರ ವಿಮಾನ ಇಳಿಯೋತನಕ ರನ್‌ವೇ ಬದಿಗೆ ಕಾಯೋ ಹತ್ತು ನಿಮಿಷಾನೂ ನಿಮ್ಮ ಲೆಕ್ಕಕ್ಕ.

---

ಮ್ಯಾಗ್ನೆಟೊ ವಿಜಯಪುರ ಉತ್ತರ:

ಮ್ಯಾಲಿನವರು ಹವಾ ಅಂದ್ರು, ಸೆಖಿ ಬಗ್ಗೆ ಬಿಟ್ರು. ನಮ್ಮ ಕಡೆ ಕಲಿಯೋರಿಗೆ ಇದ ಮುಖ್ಯ ಅದ. ಸೆಖಿ ಹೆಚ್ಚಾದ್ರ ಗಾಳಿ ತೆಳು ಆಗ್ತದ, ಎತ್ತರದಾಗ ಇದ್ದಂಗ.

ಸಾಂಬ್ರಾ ಸಮುದ್ರಮಟ್ಟಕ್ಕಿಂತ ಸುಮಾರು 2490 ಅಡಿ ಮ್ಯಾಲ ಅದ. ಆ ಎತ್ತರಕ್ಕ ಪ್ರಮಾಣಿತ ಉಷ್ಣಾಂಶ 10 ಡಿಗ್ರಿ. ಏಪ್ರಿಲ್ ಮಧ್ಯಾಹ್ನ 36 ಡಿಗ್ರಿ ಅಂದ್ರ 26 ಡಿಗ್ರಿ ಹೆಚ್ಚು. ಡಿಗ್ರಿಗೆ ಸುಮಾರು 120 ಅಡಿಯಂಗ ಕೂಡಸ್ರಿ: 3100 ಅಡಿ. ಅಂದ್ರ ವಿಮಾನಕ್ಕ ತಾನು 5600 ಅಡಿ ಮ್ಯಾಲಿಂದ ಏಳಾಕತ್ತೀನಿ ಅನಿಸ್ತದ. ಡಿಸೆಂಬರ್ ಮುಂಜಾನೆ 14 ಡಿಗ್ರಿ ಇದ್ರ ಅದ ಲೆಕ್ಕ 3000ಕ್ಕ ನಿಲ್ತದ. ರನ್‌ವೇ 2300 ಮೀಟರ್ ಅದ, ಓಟಕ್ಕ ಜಾಗ ಸಾಲದ ಪ್ರಶ್ನೆ ಇಲ್ಲ. ಪೆಟ್ಟು ಬೀಳೋದು ಎದ್ದ ಮ್ಯಾಲ. ಕಲಿಯಾಕ ಬಳಸೋ ಸಣ್ಣ ವಿಮಾನ ಸೆಸ್ನಾ 172ಎಸ್ ಪುಸ್ತಕದಾಗ ನಿಮಿಷಕ್ಕ 730 ಅಡಿ ಏರ್ತದ ಅಂತ ಬರದಿರೋದು ಸಮುದ್ರಮಟ್ಟದ ಮಾತು. ಏರವಲ್ದು ಅಂತ ಮೂತಿ ಎತ್ತಿದ್ರ ವೇಗ ಕುಸೀತದ, ಏರಿಕೆ ಇನ್ನೂ ಕಮ್ಮಿ. 74 ನಾಟ್ (ತಾಸಿಗೆ 74 ನಾಟಿಕಲ್ ಮೈಲಿ) ವೇಗ ಹಿಡದು ಕುಂದರಬೇಕು, ತಾಳ್ಮಿ ಬೇಕು.

ಮುಂಜಾನೆ ತಪಾಸಣೆಯೊಳಗ ಅವಸರ ಮಾಡಬಾರದ್ದು ಇಂಧನ. 172ಎಸ್‌ಗೆ 13 ಡ್ರೇನ್ (ಇಂಧನದ ಮಾದರಿ ತಗಿಯೋ ತೂತು) ಅದಾವ: ರೆಕ್ಕಿಗೆ ಐದೈದು, ಹೊಟ್ಟಿ ಕೆಳಗ ಮೂರು. ಎಲ್ಲಾದ್ರಿಂದಲೂ ತಗದು ಬೆಳಕಿಗೆ ಹಿಡದು ನೋಡ್ರಿ. ವಿಮಾನದ ಪೆಟ್ರೋಲ್ ಏವಿಗ್ಯಾಸ್ 100ಎಲ್‌ಎಲ್ ತಿಳಿ ನೀಲಿ ಇರ್ತದ. ನೀರಿದ್ರ ತಳದಾಗ ಗುಳ್ಳಿ ಆಗಿ ಬ್ಯಾರೆ ನಿಲ್ತದ. ಬಾಟಲಿ ತುಂಬ ಬರೇ ನೀರೇ ಬಂದ್ರ ಗೆರಿನೂ ಕಾಣಂಗಿಲ್ಲ, ಹಂಗಾಗಿ ಬಣ್ಣ ನೋಡ್ರಿ, ವಾಸನಿ ನೋಡ್ರಿ. ಮಳಿಯಾಗ ಹೊರಗ ನಿಂತ ವಿಮಾನಕ್ಕ ಟ್ಯಾಂಕಿನ ಮುಚ್ಚಳದಿಂದ ನೀರು ಇಳೀತದ.

ಮ್ಯಾಗ್ನೆಟೊ ಅಂದ್ರ ಪ್ಲಗ್ಗಿಗೆ ಕಿಡಿ ಕೊಡೋ ಸಾಧನ, ಎಂಜಿನ್ನಿಗೆ ಎರಡು ಇರ್ತಾವ. ಒಂದೊಂದ ಬಂದ್ ಮಾಡಿ ನೋಡೋ ತಪಾಸಣೆ 1800 ಆರ್‌ಪಿಎಂಗೆ. ಒಂದೊಂದಕ್ಕ ಇಳಿತ 150 ದಾಟಬಾರದು, ಎರಡರ ನಡುವಿನ ಅಂತರ 50 ದಾಟಬಾರದು. ಎಂಜಿನ್ ಗಡಗಡ ಅಂದ್ರ ಬಹಳ ಸಲ ಪ್ಲಗ್ಗಿಗೆ ಸೀಸ ಕುಂತಿರ್ತದ. ಕಾಯೋವಾಗ ಮಿಕ್ಸ್ಚರ್ (ಗಾಳಿ-ಇಂಧನದ ಮಿಶ್ರಣ) ಪೂರ್ತಿ ರಿಚ್, ಅಂದ್ರ ಇಂಧನ ಹೆಚ್ಚು, ಇಟ್ಟು ಬಿಟ್ಟಿದ್ದರ ಫಲ. ನೆಲದ ಮ್ಯಾಲ ಲೀನ್ (ಇಂಧನ ಕಮ್ಮಿ) ಮಾಡ್ರಿ, ಹೊಂಡೋ ಮೊದಲ ಚೆಕ್‌ಲಿಸ್ಟ್ ಪ್ರಕಾರ ಮುಂದ ತಳ್ಳೋದು ಮರೀಬ್ಯಾಡ್ರಿ. ಇಳತ ಒಟ್ಟ ಇಲ್ಲ ಅಂದ್ರ ಖುಷಿ ಪಡಬ್ಯಾಡ್ರಿ. ಕೀಲಿ ಆಫ್ ಮಾಡಿದ್ರೂ ಒಂದು ಮ್ಯಾಗ್ನೆಟೊ ಜೀವಂತ ಇರೋ ಲಕ್ಷಣ ಅದು. ಅಂಥ ಪ್ರೊಪೆಲ್ಲರ್ ಕೈಯಿಂದ ಮುಟ್ಟಿದ್ರೂ ತಿರುಗಬಹುದು.

---

ಎಡಗೈ ಯೋಕ್ ಉತ್ತರ:

ಸಿಮ್ಯುಲೇಟರ್ ಬಗ್ಗೆ: ಚೆಕ್‌ಲಿಸ್ಟ್ ಕ್ರಮ, ರೇಡಿಯೋ ಮಾತು, ನಕ್ಷೆ ಹಿಡಿದು ದಾರಿ ಹುಡುಕುವುದು, ಇವಿಷ್ಟಕ್ಕೆ ಬಳಸಿ. ಇಳಿಯುವುದನ್ನು ಅದರಲ್ಲಿ ಕಲಿಯಬೇಡಿ. ಪರದೆಯ ಮುಂದೆ ಕೂತವರಿಗೆ ಕಣ್ಣು ಮೀಟರುಗಳ ಮೇಲೆ ನೆಡುವ ಅಭ್ಯಾಸವಾಗುತ್ತದೆ, ಅದನ್ನು ಬಿಡಿಸಲು ಶಿಕ್ಷಕರಿಗೆ ಮೂರು ಪಾಠ ಬೇಕು. ಮಂಗಳವಾರಕ್ಕೂ ರವಿವಾರಕ್ಕೂ ನಡುವೆ ದಿನಾ ಹತ್ತು ನಿಮಿಷ ಬರೀ ಕುರ್ಚಿ ಮೇಲೆ ಕೂತು ಒಂದು ಸರ್ಕ್ಯೂಟ್ (ಎದ್ದು, ನಿಲ್ದಾಣದ ಪಕ್ಕ ಒಂದು ಸುತ್ತು ಹಾಕಿ ಮತ್ತೆ ಇಳಿಯುವುದು) ಬಾಯಲ್ಲಿ ಹೇಳಿ, ಕೈಯಲ್ಲಿ ಮಾಡಿ. ಸರ್ಕ್ಯೂಟಿನ ಎತ್ತರ ನೆಲದಿಂದ 1000 ಅಡಿ, ಆದರೆ ಸಾಂಬ್ರಾದಲ್ಲಿ ಸಮುದ್ರಮಟ್ಟದಿಂದ ಎತ್ತರ ಅಳೆಯುವ ಆಲ್ಟಿಮೀಟರ್ ತೋರಿಸುವುದು ಸುಮಾರು 3500. ಪುಸ್ತಕದಲ್ಲಿ 1000 ಎಂದು ಓದಿ ಬಂದವರು ಮೊದಲ ದಿನ ಇಲ್ಲೇ ತಡವರಿಸುತ್ತಾರೆ.

ಇಳಿಯುವಾಗ ಕೆಡುವುದು ಹೆಚ್ಚಾಗಿ ವೇಗದಿಂದ. ಫ್ಲಾಪ್ (ರೆಕ್ಕೆಯ ಹಿಂಬದಿಯಿಂದ ಕೆಳಗಿಳಿಯುವ ಹಲಗೆ) ಪೂರ್ತಿ ಇಳಿಸಿದ 172ಕ್ಕೆ 60ರಿಂದ 70 ನಾಟ್ ಸಾಕು. 75ರಲ್ಲಿ ಬಂದರೆ ನೆಲ ಹತ್ತಿರವಾದ ಮೇಲೆ ವಿಮಾನ ತೇಲುತ್ತದೆ, ಕಲಿಯುವವರು ಬೇಸತ್ತು ಮೂತಿ ಒತ್ತುತ್ತಾರೆ, ಮುಂದಿನ ಗಾಲಿ ಮೊದಲು ಬಡಿದು ಕಪ್ಪೆಯಂತೆ ಜಿಗಿಯುತ್ತದೆ. ಎರಡನೇ ಜಿಗಿತ ಮೊದಲನೆಯದಕ್ಕಿಂತ ಕೆಟ್ಟದಾಗಿರುತ್ತದೆ. ಅಲ್ಲಿ ಸರಿಪಡಿಸಲು ಹೋಗದೆ ಪೂರ್ತಿ ಪವರ್ ಕೊಟ್ಟು ಮೇಲೇಳಿ.

ಮ್ಯಾಗ್ನೆಟೊ ಅವರ ಸೆಖಿ ಲೆಕ್ಕಕ್ಕೆ ಒಂದು ಸೇರಿಸುತ್ತೇನೆ. ಮೀಟರಿನಲ್ಲಿ 65 ತೋರುತ್ತಿದ್ದರೂ ತೆಳು ಗಾಳಿಯಲ್ಲಿ ನಿಜವಾದ ವೇಗ 70 ದಾಟಿರುತ್ತದೆ. ನೆಲ ಜೋರಾಗಿ ಓಡುವಂತೆ ಕಾಣುತ್ತದೆಂದು ವೇಗ ಇಳಿಸಬೇಡಿ; ಸ್ಟಾಲ್ (ವೇಗ ಸಾಲದೆ ರೆಕ್ಕೆ ಎತ್ತುವ ಬಲ ಕಳೆದುಕೊಳ್ಳುವುದು) ಲೆಕ್ಕ ಮೀಟರಿನದೇ.

ಅಡ್ಡಗಾಳಿಗೆ ಸುಲಭದ ಲೆಕ್ಕ: ರನ್‌ವೇ 26 (ಅಂದರೆ 260 ಡಿಗ್ರಿ ದಿಕ್ಕು), ಗಾಳಿ 230 ಡಿಗ್ರಿಯಿಂದ 16 ನಾಟ್ ಎಂದರೆ 30 ಡಿಗ್ರಿ ಓರೆ, ಅರ್ಧ ಹಿಡಿಯಿರಿ, 8 ನಾಟ್. 45 ಡಿಗ್ರಿಗೆ ಮುಕ್ಕಾಲಿಗಿಂತ ತುಸು ಕಡಿಮೆ. 172ರ ಪುಸ್ತಕದಲ್ಲಿ 15 ನಾಟ್ ತನಕ ತೋರಿಸಿದ್ದಾರೆ, ಆದರೆ ಒಬ್ಬರೇ ಹಾರುವ ವಿದ್ಯಾರ್ಥಿಗೆ ಶಾಲೆ ಇಡುವ ಮಿತಿ ಅದಕ್ಕಿಂತ ಬಹಳ ಕಡಿಮೆ.

ಸಾಂಬ್ರಾ ಸರ್ಕ್ಯೂಟ್ ಅವರ ವಾರಕ್ಕೆರಡರ ಲೆಕ್ಕಕ್ಕೆ ನನ್ನ ತಕರಾರಿದೆ. ಸೋಲೋ (ಮೊದಲ ಸಲ ಒಬ್ಬರೇ ಹಾರುವುದು) ಹತ್ತಿರ ಬಂದಾಗ ವಾರಕ್ಕೆರಡು ಸಾಲದು. ಸುಮಾರು 12 ತಾಸು ಮುಗಿದ ಮೇಲೆ ಒಂದು ವಾರ ಅಂಗಡಿ ಬೇರೆಯವರಿಗೆ ಒಪ್ಪಿಸಿ ದಿನಾ ಬನ್ನಿ. ಇಳಿಯುವ ಕೈಚಳಕ ಸತತ ಐದಾರು ದಿನದಲ್ಲಿ ಕೂರುತ್ತದೆ, ಐದಾರು ವಾರದಲ್ಲಿ ಕೂರುವುದಿಲ್ಲ.

---

ಗೋಕಾಕ್ ಕರದಂಟು:

ಭಾಳ ಉಪಕಾರ ಆತ್ರಿ. ಸಂಕ್ರಾಂತಿ ಆದಮ್ಯಾಲ ಒಂದು ವಾರ ಬಿಡುವು ಮಾಡ್ಕೋಬಹುದು. ಇನ್ನೊಂದ ಪ್ರಶ್ನೆ: ದೂರದ ಹಾರಾಟ ಒಬ್ಬರ ಮಾಡ್ಬೇಕಂತ, ಅದು ಇಲ್ಲಿಂದ ಎಲ್ಲಿಗೆ?

---

ಸಾಂಬ್ರಾ ಸರ್ಕ್ಯೂಟ್:

ಯೋಕ್ ಅವರ ತಕರಾರು ಒಪ್ಪಿದೆ, ಸೋಲೋ ಮುಂದ ಆ ಒಂದು ವಾರ ಬೇಕ.

ದೂರದ್ದು: ಒಬ್ಬರ ಕ್ರಾಸ್‌ಕಂಟ್ರಿ ಕನಿಷ್ಠ 5 ತಾಸು. ಅದರಾಗ ಒಂದು ಹಾರಾಟ 150 ನಾಟಿಕಲ್ ಮೈಲಿಗೆ, ಅಂದ್ರ 278 ಕಿಲೋಮೀಟರಿಗೆ ಕಮ್ಮಿ ಇರಬಾರದು. ದಾರ್ಯಾಗ ಎರಡು ಬ್ಯಾರೆ ನಿಲ್ದಾಣದಾಗ ಪೂರ್ತಿ ಇಳದು ನಿಲ್ಲಬೇಕು. ಹುಬ್ಬಳ್ಳಿಗೆ ಹೋಗಿ ಬಂದ್ರ 80 ಮೈಲಿ ಅಷ್ಟ, ಸಾಲಂಗಿಲ್ಲ. ಬೆಳಗಾವಿ-ಹುಬ್ಬಳ್ಳಿ-ಕೊಲ್ಹಾಪುರ-ಬೆಳಗಾವಿ ತ್ರಿಕೋನ ಹಾಕಿದ್ರ 40, 91, 52, ಒಟ್ಟು 183ರ ಆಸುಪಾಸು. ಯಾವ ನಿಲ್ದಾಣ ಅನ್ನೋದು ಶಾಲೆ ಮತ್ತ ಆ ದಿನದ ಅನುಮತಿ ಮ್ಯಾಲ.

ನಡುವಿನ ಉದ್ದನ್ನ ಕಾಲು, ಹುಬ್ಬಳ್ಳಿ-ಕೊಲ್ಹಾಪುರ, ಸಾಂಬ್ರಾದ ಪೂರ್ವಕ್ಕ ಹತ್ತು ಮೈಲಿಯೊಳಗ ಹಾಯತೈತಿ. ಅಲ್ಲಿ ಬೆಳಗಾವಿ ಟವರಿಗೆ ಮಾತಾಡದ ದಾಟಂಗಿಲ್ಲ. ಆಮ್ಯಾಲ ಹಿಡಕಲ್ ಜಲಾಶಯ ನಿಮ್ಮ ಗೆರಿ ಹತ್ರಾನ ಬರತೈತಿ. ಅದು ಲೆಕ್ಕ ಹಾಕಿದ ನಿಮಿಷಕ್ಕ ಕಾಣಲಿಲ್ಲ ಅಂದ್ರ ಗಾಳಿ ನಿಮ್ಮನ್ನ ಸರಿಸೈತಿ ಅಂತ ತಿಳೀರಿ, ಹೊಸಾ ದಿಕ್ಕು ಅಲ್ಲೇ ಲೆಕ್ಕ ಹಾಕ್ರಿ. ಚಳಿಗಾಲದಾಗ ನೀರು ಚಲೋ ಇರತೈತಿ, ದೂರದಿಂದನ ಹೊಳೀತೈತಿ. ಮೇ ತಿಂಗಳದಾಗ ನೀರು ಇಳದು ದಂಡಿ ಆಕಾರಾನ ಬದಲಾಗಿರತೈತಿ, ನಕ್ಷೆದಾಗಿನ ನೀಲಿ ಹುಡುಕ್ಕೊಂತ ಕುಂದರಬ್ಯಾಡ್ರಿ, ಆಣೆಕಟ್ಟಿನ ಗೋಡಿ ನೋಡ್ರಿ.