ಕರು ಹಾಕಿದ ಕೂಡಲೇ ಕೆಚ್ಚಲು ಬಾವು: ವಿಟಮಿನ್ ಇ, ಸೆಲೆನಿಯಂ ಕೊಟ್ಟರೆ ತಡೆಯಬಹುದಾ?

ಪ್ರಶ್ನೆ: ನಮ್ಮ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್ ತಳಿಯ) ಹಸುವಿಗೆ ಕರು ಹಾಕಿದ ವಾರದೊಳಗೆ ಕೆಚ್ಚಲು ಬಾವು ಬಂತು. ಹಿಂದಿನ ಸೂಲಿನಲ್ಲೂ ಹೀಗೇ ಆಗಿತ್ತು. ಹಾಲಿನಲ್ಲಿ ಗರಣೆ, ಮುಟ್ಟಿದರೆ ಒದೆಯುತ್ತಿತ್ತು. ಚಿಕಿತ್ಸೆಯಿಂದ ಈಗ ವಾಸಿಯಾಗಿದೆ. ಕರೆಯುವ ದಿನಗಳಲ್ಲಿ ಖನಿಜ ಮಿಶ್ರಣ ತಪ್ಪಿಸುವುದಿಲ್ಲ. ಹಾಲು ಬತ್ತಿಸಿದ ಮೇಲೆ ಮಾತ್ರ ಬರೀ ಒಣಹುಲ್ಲು. ಏನು ಬದಲಾಯಿಸಬೇಕು?

ಉತ್ತರ 1: ಆ ಒಣಹುಲ್ಲಿನ ಎರಡು ತಿಂಗಳನ್ನೇ ಮೊದಲು ಸರಿಮಾಡಿ. ಹಸಿ ಹುಲ್ಲಿನಲ್ಲಿ ವಿಟಮಿನ್ ಇ ಜಾಸ್ತಿ. ಒಣಗಿಸಿ ಕೂಡಿಟ್ಟರೆ ಬಹುಪಾಲು ಹೋಗಿಬಿಡುತ್ತದೆ. ಕರು ಹಾಕುವ ಹೊತ್ತಿಗೆ ರಕ್ತದಲ್ಲಿ ಅದರ ಮಟ್ಟ ಹೇಗೂ ಇಳಿಯುತ್ತದೆ. ಕೆಚ್ಚಲಿಗೆ ನುಗ್ಗಿದ ಬ್ಯಾಕ್ಟೀರಿಯಾವನ್ನು ಕೊಲ್ಲುವುದು ಬಿಳಿ ರಕ್ತಕಣಗಳು. ಅವು ಚುರುಕಾಗಿರಲು ವಿಟಮಿನ್ ಇ, ಸೆಲೆನಿಯಂ ಎಂಬ ಖನಿಜ ಎರಡೂ ಬೇಕು.

ಹಾಲು ಬತ್ತಿದ ಹಸುವಿಗೆ ದಿನಕ್ಕೆ ಸುಮಾರು 1000 ಐಯು (ವಿಟಮಿನ್ ಅಳೆಯುವ ಅಂತರರಾಷ್ಟ್ರೀಯ ಮಾನ) ವಿಟಮಿನ್ ಇ, ಕರೆಯುವ ಹಸುವಿಗೆ 500 ಐಯು ಸಾಕು. ಸೆಲೆನಿಯಂ ಒಟ್ಟು ಮೇವಿನ ಒಣತೂಕದ ಪ್ರತಿ ಕಿಲೋಗೆ 0.3 ಮಿಲಿಗ್ರಾಂ. ಇದರಲ್ಲಿ ಹುಷಾರಾಗಿರಿ, ಅಳತೆ ಮೀರಿದರೆ ಸೆಲೆನಿಯಂ ವಿಷ. ನಿಮ್ಮ ಖನಿಜ ಮಿಶ್ರಣದ ಚೀಟಿಯಲ್ಲಿ ಆಗಲೇ ಎಷ್ಟಿದೆ ಅಂತ ನೋಡದೆ ಮೇಲಿಂದ ಇನ್ನೊಂದು ಪುಡಿ ಹಾಕಬೇಡಿ. ಇಂಜೆಕ್ಷನ್ ಅಂತೂ ಡಾಕ್ಟರನ್ನು ಕೇಳಿಯೇ.

ಉತ್ತರ 2: ಸತು, ತಾಮ್ರವನ್ನೂ ಮರೆಯಬೇಡಿ. ತೊಟ್ಟಿನ ರಂಧ್ರದ ಒಳಗೋಡೆಗೆ ಬ್ಯಾಕ್ಟೀರಿಯಾ ಒಳನುಗ್ಗದಂತೆ ತಡೆಯುವ ಕೆರಾಟಿನ್ ಎಂಬ ಪ್ರೋಟೀನ್ ಪದರ ಇರುತ್ತದೆ, ಅದು ಚೆನ್ನಾಗಿ ಬೆಳೆಯಲು ಸತು ಬೇಕು. ಕರೆದ ಮೇಲೆ ಆ ರಂಧ್ರ ಅರ್ಧ ಗಂಟೆಗೂ ಹೆಚ್ಚು ತೆರೆದೇ ಇರುತ್ತದೆ. ಕರೆದ ಕೂಡಲೇ ಮುಂದೆ ಮೇವು ಹಾಕಿ, ಹಸು ಮಲಗದೆ ನಿಂತು ತಿನ್ನಲಿ. ಕುರಿ ಇದ್ದರೆ ಹಸುವಿನ ಖನಿಜ ಮಿಶ್ರಣ ಅವಕ್ಕೆ ಕೊಡಬೇಡಿ, ತಾಮ್ರ ಅವಕ್ಕೆ ಬೇಗ ವಿಷವಾಗುತ್ತದೆ.

ಒಂದು ಮಾತು ಹೇಳಿ: ಎರಡು ಸಲವೂ ಬಾವು ಬಂದಿದ್ದು ಒಂದೇ ತೊಟ್ಟಿನ ಭಾಗಕ್ಕಾ?

ಪ್ರಶ್ನೆ ಕೇಳಿದವರು: ಹೌದು ಸರ್, ಎರಡು ಸಲವೂ ಬಲಗಡೆಯ ಹಿಂದಿನದು.

ಉತ್ತರ 2: ಹಾಗಾದರೆ ಹಳೆಯ ಸೋಂಕು ಒಳಗೇ ಉಳಿದಿರಬಹುದು. ಸ್ಟ್ಯಾಫಿಲೊಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾ ಹೀಗೆ ಅಡಗಿ ಕೂರುತ್ತದೆ, ಅದನ್ನು ಯಾವ ವಿಟಮಿನ್ನೂ ಓಡಿಸುವುದಿಲ್ಲ. ಆ ಭಾಗದ ಹಾಲನ್ನು ಕಲ್ಚರ್ ಪರೀಕ್ಷೆಗೆ (ಲ್ಯಾಬ್‌ನಲ್ಲಿ ಬ್ಯಾಕ್ಟೀರಿಯಾ ಬೆಳೆಸಿ ಯಾವುದೆಂದು ಗುರುತಿಸುವುದು) ಕೊಡಿ. ತೊಟ್ಟಿನ ತುದಿಯನ್ನು ಸ್ಪಿರಿಟ್ ಹತ್ತಿಯಿಂದ ಒರೆಸಿ, ಮೊದಲ ಕೆಲವು ಧಾರೆ ಚೆಲ್ಲಿ, ಆಮೇಲಿನದನ್ನು ಲ್ಯಾಬ್‌ನ ಶುದ್ಧ ಬಾಟಲಿಗೆ ಹಿಡಿದು ತಣ್ಣಗಿಟ್ಟು ತಲುಪಿಸಿ. ಹಾಲು ಬತ್ತಿಸುವಾಗ ತೊಟ್ಟಿಗೆ ಯಾವ ಔಷಧ ಏರಿಸಬೇಕು ಅಂತ ಆ ವರದಿ ನೋಡಿ ಡಾಕ್ಟರು ಹೇಳುತ್ತಾರೆ. ವಿಟಮಿನ್ ಇ ಅದರ ಜೊತೆಗೇ ಶುರುವಾಗಲಿ.